ಹಿಗ್ಗಲಾರದ ಹೃತ್ಕರ್ಣ

ಹಿಗ್ಗುವುದೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಸಂತೋಷಪಡುವುದು ಒಂದು, ಅರಳಿ ಅಗಲವಾಗುವುದು ಇನ್ನೊಂದು. ಕವಿಗಳಿಗೆ ಮೊದಲನೆಯದು ಪ್ರಿಯ. ಹೃದ್ರೋಗ ತಜ್ಞರಿಗೆ ಎರಡನೆಯದೇ ಮುಖ್ಯ. ಹೃದಯದ ಈ ಎರಡನೆಯ ಹಿಗ್ಗು ಕುಂದಿದರೆ ಏನಾಗುತ್ತದೆ, ಅದನ್ನು ಎದೆ ಸೀಳದೆ ಹೇಗೆ ಅಳೆಯುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೃದಯಕ್ಕೆ ನಾಲ್ಕು ಕೋಣೆಗಳಿರುವುದನ್ನು ನೀವೆಲ್ಲರೂ ಓದಿದ್ದೀರಿ. ಅವುಗಳಲ್ಲಿ ಎಡ ಹೃತ್ಕರ್ಣವನ್ನು ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಅದು ಅಷ್ಟಕ್ಕೇ ಯೋಗ್ಯವಾದುದಲ್ಲ. ಕೆಳಗಿನ ಹೃತ್ಕುಕ್ಷಿಯು ಸಂಕುಚಿಸುತ್ತಿರುವಾಗ ನಡುವಿನ ಕವಾಟ ಮುಚ್ಚಿರುತ್ತದೆ. ಶ್ವಾಸಕೋಶಗಳಿಂದ ಬರುವ ಶುದ್ಧ ರಕ್ತವನ್ನು ಆಗ ಹೃತ್ಕರ್ಣವು ಕೆರೆಯಂತೆ ತುಂಬಿಕೊಳ್ಳುತ್ತದೆ. ಕವಾಟ ತೆರೆದೊಡನೆ ಅದೇ ಕೆರೆ ಕಾಲುವೆಯಾಗುತ್ತದೆ. ಕೊನೆಗೆ, ಕಮ್ಮಾರನ ತಿದಿಯಂತೆ ತನ್ನನ್ನು ತಾನೇ ಒತ್ತಿಕೊಂಡು ಉಳಿದ ರಕ್ತವನ್ನು ಕೆಳಕ್ಕೆ ದೂಡುತ್ತದೆ. ಹೃತ್ಕುಕ್ಷಿಗೆ ತುಂಬುವ ರಕ್ತದಲ್ಲಿ ಸುಮಾರು ಕಾಲು ಭಾಗ ಈ ಕೊನೆಯ ಒತ್ತಿನಿಂದಲೇ ಬರುವುದು.

ಇನ್ನು ರೋಗದ ಮಾತು. ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ವೈದ್ಯನು 1854ರಲ್ಲಿ, ಅಂಗಾಂಶದಲ್ಲಿ ಕೂಡಿಕೊಂಡಿದ್ದ ಒಂದು ಪದಾರ್ಥವು ಅಯೋಡಿನ್ ತಗುಲಿದಾಗ ಪಿಷ್ಟದಂತೆ ಬಣ್ಣ ತಾಳುವುದನ್ನು ನೋಡಿ, ಅದಕ್ಕೆ 'ಅಮಿಲಾಯ್ಡ್', ಅಂದರೆ ಪಿಷ್ಟದಂಥದು, ಎಂದು ಹೆಸರಿಟ್ಟನು. ಅದು ಪಿಷ್ಟವಲ್ಲ, ಪ್ರೋಟೀನು ಎಂಬುದು 1859ರಲ್ಲಿಯೇ ತಿಳಿದುಬಂದಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಮಡಿಕೆ ತಪ್ಪಿದ ಪ್ರೋಟೀನು ಸಣ್ಣ ಎಳೆಗಳಾಗಿ ಹೃದಯದ ಸ್ನಾಯುಕೋಶಗಳ ನಡುವೆ ಕೂಡಿಕೊಳ್ಳುವುದೇ ಹೃದಯದ ಅಮಿಲಾಯ್ಡ್ ರೋಗ. ಈ ಪ್ರೋಟೀನು ಕೆಲವರಲ್ಲಿ ಅಸ್ಥಿಮಜ್ಜೆಯ ಕೋಶಗಳಿಂದಲೂ, ಕೆಲವರಲ್ಲಿ ಯಕೃತ್ತಿನಿಂದಲೂ ಬರುತ್ತದೆ. ಎರಡನೆಯ ಬಗೆ ಮುದುಕರಲ್ಲಿ ಹೆಚ್ಚು. 'ವಯಸ್ಸಾಯಿತು, ಏದುಸಿರು ಸಹಜ' ಎಂದು ಮನೆಯವರು ಸುಮ್ಮನಾಗುವುದರಿಂದ ರೋಗ ಎಷ್ಟೋ ಕಾಲ ಬಯಲಾಗುವುದಿಲ್ಲ.

ಹದಮಾಡಿದ ತೊಗಲು ಒಣಗಿ ಸೆಟೆದಂತೆ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಸೆಟೆಯುತ್ತದೆ. ಬೆಳಿಗ್ಗೆ ನಮ್ಮ ವಾಕಡದ ಭೂಮಕರ ಚೌಕದಲ್ಲಿ ಹಿಂಜೇವಾಡಿಗೆ ಹೋಗತಕ್ಕ ವಾಹನಗಳು ಸಿಕ್ಕಿಬಿದ್ದರೆ ಹಿಂದಿನ ರಸ್ತೆಗಳೆಲ್ಲ ತುಂಬುವುದಷ್ಟೆ? ಹಾಗೆಯೇ ರಕ್ತವು ಹೃತ್ಕರ್ಣದಲ್ಲಿಯೂ, ಅಲ್ಲಿಂದ ಹಿಂದಕ್ಕೆ ಶ್ವಾಸಕೋಶಗಳಲ್ಲಿಯೂ ಒತ್ತುತ್ತದೆ. ಅಲ್ಲದೆ ಹೃತ್ಕರ್ಣದ ತೆಳು ಗೋಡೆಯೊಳಕ್ಕೂ ಅಮಿಲಾಯ್ಡ್ ಸೇರುತ್ತದೆ. ಹೊರಗಿನ ಒತ್ತಡ ಒಂದು, ಒಳಗಿನ ಕೇಡು ಮತ್ತೊಂದು.

ಇದನ್ನು ಕಾಣಿಸುವುದು 'ಎಕೋ' ಪರೀಕ್ಷೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಎಂಬವರು 1953ರಲ್ಲಿ, ಲೋಹದ ಬಿರುಕುಗಳನ್ನು ಹುಡುಕುವ ಯಂತ್ರವೊಂದನ್ನು ಹಡಗುಕಟ್ಟೆಯಿಂದ ಎರವು ತಂದು ಹೃದಯದ ಚಲನೆಯನ್ನು ದಾಖಲಿಸಿದರು. ಕಿವಿಗೆ ಕೇಳಿಸದ ಶಬ್ದತರಂಗಗಳು ಗೋಡೆಗೆ ತಾಗಿ ಮರಳುತ್ತವೆ. ಆ ಮರುದನಿಯೇ ಚಿತ್ರವಾಗುತ್ತದೆ. ಈ ಚಿತ್ರದಲ್ಲಿ ರವೆಯಂತೆ ಚುಕ್ಕೆಗಳಿರುತ್ತವೆ. ಈಗಿನ ಗಣಕಯಂತ್ರಗಳು ಪ್ರತಿಯೊಂದು ಬಡಿತದಲ್ಲಿಯೂ ಚುಕ್ಕೆಗಳ ಬೆನ್ನುಹತ್ತಿ, ಗೋಡೆ ಎಷ್ಟು ಉದ್ದವಾಯಿತೆಂದು ಲೆಕ್ಕ ಹಾಕುತ್ತವೆ. ಇದಕ್ಕೆ 'ಸ್ಟ್ರೇನ್' ಎಂದು ಹೆಸರು. ಆರೋಗ್ಯವಂತರಲ್ಲಿ ಎಡ ಹೃತ್ಕರ್ಣದ ಗೋಡೆ ತುಂಬಿಕೊಳ್ಳುವಾಗ ಸರಾಸರಿ ಶೇಕಡ 39ರಷ್ಟು ಹಿಗ್ಗುತ್ತದೆ. ಅಮಿಲಾಯ್ಡ್ ರೋಗದಲ್ಲಿ ಇದು ಅರ್ಧಕ್ಕಿಂತಲೂ ಕೆಳಗಿಳಿಯುವುದುಂಟು. ಕೋಣೆಯ ಗಾತ್ರವನ್ನಷ್ಟೇ ಅಳೆದರೆ ಈ ಕೇಡಿನ ಆಳ ತಿಳಿಯದು.

ನನಗೆ ಎಲ್ಲಕ್ಕಿಂತ ಆಶ್ಚರ್ಯವೆನಿಸಿದ ಸಂಗತಿ ಬೇರೆ. ಇ.ಸಿ.ಜಿ. ಯಂತ್ರವು ಹೃದಯದ ವಿದ್ಯುತ್ತನ್ನು ಬರೆಯುತ್ತದೆಯೇ ಹೊರತು ಅದರ ದುಡಿಮೆಯನ್ನಲ್ಲ. ಕೆಲವು ರೋಗಿಗಳಲ್ಲಿ ಲಯ ಸರಿಯಾಗಿಯೇ ಇರುತ್ತದೆ, ಹೃತ್ಕರ್ಣಕ್ಕೆ ಅಪ್ಪಣೆ ತಲಪುತ್ತದೆ. ಆದರೆ ಸೆಟೆದ ಗೋಡೆ ಒತ್ತುವುದೇ ಇಲ್ಲ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆದುದರಿಂದ ಲಯ ಸರಿಯಿದ್ದರೂ ಹೆಪ್ಪು ತಡೆಯುವ ಔಷಧವನ್ನು ಕೊಡಬೇಕೆ ಎಂದು ವೈದ್ಯರು ಇಂಥವರ ವಿಷಯದಲ್ಲಿ ಪ್ರತ್ಯೇಕವಾಗಿ ಯೋಚಿಸಬೇಕಾಗುತ್ತದೆ.

ಎಕೋ ಒಂದರಿಂದಲೇ ರೋಗವನ್ನು ನಿಶ್ಚಯಿಸಲಾಗದು. ರಕ್ತ ಮತ್ತು ಮೂತ್ರದ ಪರೀಕ್ಷೆ, ಎಂ.ಆರ್.ಐ., ಮೂಳೆಯ ಚಿತ್ರಕ್ಕೆಂದು ಬಳಸುವ ವಿಕಿರಣ ಪರೀಕ್ಷೆ, ಕೆಲವೊಮ್ಮೆ ಅಂಗಾಂಶದ ತುಣುಕು, ಇವೂ ಬೇಕು. ಯಕೃತ್ತಿನಿಂದ ಬರುವ ಬಗೆಗೆ ಟಫಾಮಿಡಿಸ್ ಎಂಬ ಔಷಧವು ಸಾವನ್ನು ಕಡಿಮೆಮಾಡಿತೆಂದು 2018ರಲ್ಲಿ ಪ್ರಕಟವಾಯಿತು. ಅದು ಪ್ರೋಟೀನಿನ ಮಡಿಕೆ ಬಿಚ್ಚದಂತೆ ತಡೆಯುತ್ತದೆ. ಆಗಲೇ ಗೋಡೆಯಲ್ಲಿ ಕೂಡಿಕೊಂಡಿರುವುದನ್ನು ತೆಗೆದುಹಾಕುವುದಿಲ್ಲ.