ಮಕ್ಕಳ ಸಮಾರಂಭದ ವೆಚ್ಚ: ಉದ್ಯಮಿಗೊಂದು ಲೆಕ್ಕಾಚಾರ

ಬಾಗಲಗುಂಟೆ, ಟಿ. ದಾಸರಹಳ್ಳಿ, ನಾಗಸಂದ್ರ, ಪೀಣ್ಯ ಪರಿಸರದ ಸಣ್ಣ ಕೈಗಾರಿಕೋದ್ಯಮಿಗಳ ಹಾಗೂ ವ್ಯಾಪಾರಸ್ಥರ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ, ವರ್ಷದ ಯಾವುದೋ ಒಂದು ವಾರದಲ್ಲಿ ಸ್ವಂತ ಖರ್ಚಿನ ಬಾಬ್ತು ಎರಡು ಮೂರು ಲಕ್ಷ ರೂಪಾಯಿ ಒಮ್ಮೆಲೇ ಹೊರಹೋಗಿರುವುದು ಆಗಾಗ್ಗೆ ಕಣ್ಣಿಗೆ ಬೀಳುತ್ತದೆ. ವಿಚಾರಿಸಿದರೆ ದೊರೆಯುವ ಉತ್ತರ ಹೆಚ್ಚುಕಡಿಮೆ ಒಂದೇ: ಮಗುವಿನ ಮೊದಲ ವರ್ಷದ ಹುಟ್ಟುಹಬ್ಬ, ಇಲ್ಲವೇ ನಾಮಕರಣ. ಕರೆಯಬೇಕಾದವರು ಬಂಧುಗಳಷ್ಟೇ ಅಲ್ಲ; ಗಿರಾಕಿಗಳು, ಸರಬರಾಜುದಾರರು, ಬ್ಯಾಂಕಿನವರು, ಪಕ್ಕದ ಶೆಡ್ಡಿನವರು, ಕಾರ್ಖಾನೆಯ ಕೆಲಸಗಾರರ ಕುಟುಂಬಗಳು, ಇವರೆಲ್ಲರೂ ಪಟ್ಟಿಯಲ್ಲಿ ಸೇರುತ್ತಾರೆ. ಸಂತೋಷದ ಸಂದರ್ಭದಲ್ಲಿ ಖರ್ಚು ಮಾಡಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ವಿವೇಚಿಸಬೇಕಾಗಿದೆ.

ಬಹುತೇಕ ಸಂದರ್ಭಗಳಲ್ಲಿ ಅದು ಬರುವುದು ವ್ಯವಹಾರದ ಕ್ಯಾಷ್ ಕ್ರೆಡಿಟ್ ಖಾತೆಯಿಂದ. ಸ್ವಂತ ಬಳಕೆಗೆ ತೆಗೆದ ಸಾಲದ ಮೇಲಿನ ಬಡ್ಡಿಯನ್ನು ವ್ಯವಹಾರದ ಖರ್ಚೆಂದು ತೋರಿಸಲಾಗದು. ಇದು ಮೊದಲ ತೊಡಕು. ಎರಡನೆಯದು ಇನ್ನೂ ಗಂಭೀರ. ಸಮಾರಂಭವು ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ ಬಂದರೆ, ಸರಬರಾಜುದಾರರಿಗೆ ಸಲ್ಲಬೇಕಾದ ಹಣ ಮುಂದಕ್ಕೆ ಹೋಗುತ್ತದೆ. ಉತ್ಪಾದನೆ ಅಥವಾ ಸೇವೆಯಲ್ಲಿ ತೊಡಗಿರುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ ಪಾವತಿ ಮಾಡಬೇಕೆಂಬುದು 2006ರ ಕಾಯ್ದೆಯ ನಿಯಮ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ತಿದ್ದುಪಡಿಯ ಪ್ರಕಾರ, ಈ ಗಡುವು ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದ ಮೊತ್ತವು ಆ ವರ್ಷದ ಖರ್ಚಾಗಿ ದೊರೆಯುವುದಿಲ್ಲ; ಹಣ ಕೊಟ್ಟ ವರ್ಷದಲ್ಲಿ ಮಾತ್ರ ದೊರೆಯುತ್ತದೆ. ಅಂದರೆ ಮಗುವಿನ ಕೇಕಿಗಾಗಿ ಗ್ರೈಂಡಿಂಗ್ ಮಾಡಿಕೊಟ್ಟವನ ಬಿಲ್ಲನ್ನು ತಡೆದರೆ, ತೆರಿಗೆಯ ರೂಪದಲ್ಲಿ ಮತ್ತೊಂದು ಕೇಕಿನ ಬೆಲೆ ತೆರಬೇಕಾದೀತು. ಜೊತೆಗೆ ಆ ಸರಬರಾಜುದಾರನಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕೂ ಉಂಟು.

ಆದ್ದರಿಂದ ಕಾರ್ಖಾನೆಯ ಒಂದು ಆರ್ಡರಿಗೆ ಹೇಗೆ ವೆಚ್ಚಪಟ್ಟಿ ತಯಾರಿಸುತ್ತೇವೆಯೋ ಹಾಗೆಯೇ ಸಮಾರಂಭಕ್ಕೂ ಒಂದು ಹಾಳೆಯ ಮೇಲೆ ಪಟ್ಟಿ ತಯಾರಿಸುವುದು ಉಚಿತ.

ತಲೆಯ ಲೆಕ್ಕ, ಹೊತ್ತಿನ ಲೆಕ್ಕ

ವಿವರಣೆಯ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. 250 ಮಂದಿ ಅತಿಥಿಗಳು. ಅವರಲ್ಲಿ 90 ಮಕ್ಕಳು. ರಾತ್ರಿಯ ಊಟ ಎಲೆಯೊಂದಕ್ಕೆ ರೂ. 350ರಂತೆ ರೂ. 87,500, ಅದರ ಮೇಲೆ ಶೇ. 5ರ ತೆರಿಗೆ ಸೇರಿ ರೂ. 91,875. ಛತ್ರದ ಬಾಡಿಗೆ ರೂ. 40,000, ಶೇ. 18ರ ತೆರಿಗೆ ಸೇರಿ ರೂ. 47,200. ಅಲಂಕಾರ ರೂ. 30,000, ಛಾಯಾಚಿತ್ರ ರೂ. 20,000, ಜಾದೂ ಮತ್ತು ಧ್ವನಿವರ್ಧಕ ರೂ. 12,000, ಕೇಕ್ ರೂ. 8,000, ಮಕ್ಕಳ ಉಡುಗೊರೆ ತಲಾ ರೂ. 150ರಂತೆ ರೂ. 13,500. ಒಟ್ಟು ರೂ. 2,22,575.

ಖರ್ಚು ತಗ್ಗಿಸಬೇಕೆಂದಾಗ ಮನೆಯಲ್ಲಿ ಮೊದಲು ಏಳುವ ಮಾತು, "ಯಾರನ್ನು ಬಿಡೋಣ?" ಎಂಬುದು. 50 ಮಂದಿ ಹಿರಿಯರನ್ನು ಪಟ್ಟಿಯಿಂದ ಕೈಬಿಟ್ಟರೆ ಉಳಿಯುವುದು ತೆರಿಗೆ ಸೇರಿ ರೂ. 18,375 ಮಾತ್ರ, ಕಳೆದುಕೊಳ್ಳುವುದು 50 ಮನಸ್ಸುಗಳನ್ನು. ಅದರ ಬದಲು ಸಮಾರಂಭವನ್ನು ರಾತ್ರಿ 7ರಿಂದ ಮಧ್ಯಾಹ್ನ 4 ಗಂಟೆಗೆ ಸರಿಸಿ, ಊಟದ ಜಾಗದಲ್ಲಿ ರೂ. 150ರ ಉಪಾಹಾರ ಇಟ್ಟರೆ, ಅದೇ 250 ಮಂದಿಗೆ ಉಳಿತಾಯ ರೂ. 52,500! ಒಬ್ಬರನ್ನೂ ಬಿಡಬೇಕಾಗಿಲ್ಲ. ಊಟದ ಹೊತ್ತಿಗೆ ಕರೆದರೆ ಹೋಳಿಗೆ, ಪಲ್ಯ, ಕೋಸಂಬರಿ, ಬೀಡಾ ಎಲ್ಲವನ್ನೂ ಅತಿಥಿ ನಿರೀಕ್ಷಿಸುತ್ತಾನೆ. ನಾಲ್ಕು ಗಂಟೆಗೆ ಕರೆದರೆ ಪುಟ್ಟ ಇಡ್ಲಿ, ಒತ್ತು ಶಾವಿಗೆ, ಮಸಾಲೆ ಪುರಿ, ಕೇಸರಿಬಾತು, ಕಾಫಿ ಇವುಗಳಿಂದಲೇ ಸಂತೃಪ್ತನಾಗುತ್ತಾನೆ. ಮಕ್ಕಳಿಗಂತೂ ಇದೇ ಹಿತ. ಎಂಟು ಗಂಟೆಯ ಎಲೆಯ ಮುಂದೆ ನಿದ್ದೆಗಣ್ಣಿನ ಮಗುವನ್ನು ಕೂರಿಸಿ, ಬಡಿಸಿದ್ದರಲ್ಲಿ ಮುಕ್ಕಾಲು ಪಾಲು ಎಲೆಯಲ್ಲೇ ಉಳಿಯುವುದನ್ನು ಕಾಣದವರಾರು?

ಕೇಟರಿಂಗ್ ಗುತ್ತಿಗೆಯಲ್ಲಿ 'ಖಾತರಿ ಸಂಖ್ಯೆ' ಎಂಬ ಷರತ್ತನ್ನು ನಿರ್ಲಕ್ಷಿಸಬಾರದು. 250 ಎಲೆಗೆ ಖಾತರಿ ಕೊಟ್ಟು 210 ಮಂದಿ ಬಂದರೂ 250ಕ್ಕೇ ಹಣ ತೆರಬೇಕು. ಮೇಲಿನ ದರದಲ್ಲಿ ನಷ್ಟ ರೂ. 14,700. ನಿರೀಕ್ಷೆಗಿಂತ ಕಡಿಮೆ ಸಂಖ್ಯೆಗೆ ಖಾತರಿ ಕೊಟ್ಟು, ಹೆಚ್ಚುವರಿ ಎಲೆಗಳಿಗೂ ಅದೇ ದರವೆಂದು ಬರೆಯಿಸಿಕೊಳ್ಳುವುದು ಲೇಸು. ಐದು ವರ್ಷದೊಳಗಿನ ಮಕ್ಕಳ ಎಲೆಯನ್ನು ಎಣಿಸಬೇಕೆ, ಅರ್ಧ ದರವೆ, ಎಣಿಕೆ ಮಾಡುವವರು ಯಾರು ಎಂಬುದನ್ನೂ ಮುಂಗಡ ಕೊಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. 90 ಮಕ್ಕಳಿರುವ ಸಮಾರಂಭದಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಹಳೆಯ ಪದ್ಧತಿಯಿದೆ: ದಿನಸಿಯನ್ನು ನಾವೇ ತಂದುಕೊಟ್ಟು ಅಡಿಗೆ ಭಟ್ಟರಿಗೆ ಕೂಲಿ ಮಾತ್ರ ಕೊಡುವುದು. ಪೀಣ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ಜಾಬ್ ವರ್ಕ್. ಕಚ್ಚಾ ಸಾಮಗ್ರಿ ನಮ್ಮದು, ದುಡಿಮೆ ಅವರದು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಸಗಟು ದರದಲ್ಲಿ ಕೊಂಡರೆ ಎಲೆಯ ಬೆಲೆ ಇಳಿಯುವುದು ನಿಜ. ಆದರೆ ಭಟ್ಟರ ಪಟ್ಟಿಯಲ್ಲಿ ಎಣ್ಣೆ, ತುಪ್ಪ, ಗೋಡಂಬಿ ಸದಾ ಉದಾರವಾಗಿರುತ್ತವೆ. ಮಿಕ್ಕದ್ದನ್ನು ತೂಗಿ ವಾಪಸು ಪಡೆಯಲು ಮನೆಯವರೊಬ್ಬರು ಅಡಿಗೆಮನೆಯಲ್ಲಿ ನಿಲ್ಲಬೇಕು. ನಿಲ್ಲುವವರು ಯಾರೂ ಇಲ್ಲದಿದ್ದರೆ ಎಲೆಯ ಗುತ್ತಿಗೆಯೇ ಅಗ್ಗ ಎಂಬುದು ನನ್ನ ಅಭಿಪ್ರಾಯ. ಯಾವ ಪದ್ಧತಿಯಾದರೂ ಒಲೆಗೆ 19 ಕಿಲೋ ತೂಕದ ವಾಣಿಜ್ಯ ಸಿಲಿಂಡರನ್ನೇ ಬಳಸಬೇಕು, ಮನೆಯ 14.2 ಕಿಲೋ ಸಿಲಿಂಡರನ್ನು ಇದಕ್ಕೆ ಬಳಸುವುದು ಕಾನೂನುಬಾಹಿರ.

ಛತ್ರ ಮತ್ತು ತೆರಿಗೆ

ಹುಟ್ಟುಹಬ್ಬಕ್ಕೆ ಲಗ್ನ ನೋಡಬೇಕಾಗಿಲ್ಲ ಎಂಬುದು ಆತಿಥೇಯನ ಕೈಯಲ್ಲಿರುವ ದೊಡ್ಡ ಅಸ್ತ್ರ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಕಲ್ಯಾಣ ಮಂಟಪಗಳು ಖಾಲಿ ಹೊಡೆಯುತ್ತಿರುತ್ತವೆ. ಮಗು ಹುಟ್ಟಿದ್ದು ಈ ತಿಂಗಳುಗಳಲ್ಲಾದರೆ ಬಾಡಿಗೆಯಲ್ಲಿ ಚೌಕಾಸಿಗೆ ಅವಕಾಶ ಹೇರಳ. ಲಗ್ನದ ದಿನಗಳಲ್ಲಾದರೂ ಬೆಳಗಿನ ಮುಹೂರ್ತ ಮುಗಿದ ಛತ್ರವನ್ನು ಸಂಜೆ ನಾಲ್ಕು ಗಂಟೆಗಳ ಮಟ್ಟಿಗೆ ಮಾತ್ರ ಕೇಳಬಹುದು. ಬಾಡಿಗೆಯ ಅಂಕಿಯನ್ನಷ್ಟೇ ನೋಡಿ ಒಪ್ಪಿಕೊಳ್ಳುವುದು ಸಲ್ಲದು; ಸ್ವಚ್ಛತೆ, ಮೀಟರಿನ ವಿದ್ಯುತ್, ಜನರೇಟರಿನ ಡೀಸೆಲ್, ಪಾತ್ರೆ ಬಾಡಿಗೆ ಇವೆಲ್ಲ ಕೊನೆಯ ಬಿಲ್ಲಿನಲ್ಲಿ ಪ್ರತ್ಯಕ್ಷವಾಗುತ್ತವೆ.

ತೆರಿಗೆಯ ದೃಷ್ಟಿಯಿಂದ ಇಲ್ಲಿ ಒಂದು ಸೂಕ್ಷ್ಮವಿದೆ. ಛತ್ರವನ್ನು ಪ್ರತ್ಯೇಕವಾಗಿ ಬಾಡಿಗೆಗೆ ಪಡೆದರೆ ಶೇ. 18. ಸ್ಥಳ ಮತ್ತು ಊಟ ಎರಡನ್ನೂ ಒಬ್ಬರೇ ಒಟ್ಟಾಗಿ ಒದಗಿಸಿದರೆ, 2019ರ ಅಕ್ಟೋಬರ್ 1ರಿಂದ, ಇಡೀ ಮೊತ್ತಕ್ಕೆ ಶೇ. 5. ಮೇಲಿನ ಉದಾಹರಣೆಯಲ್ಲಿ ಪ್ರತ್ಯೇಕ ಬಿಲ್ಲುಗಳ ತೆರಿಗೆ ರೂ. 11,575, ಒಟ್ಟು ಬಿಲ್ಲಿನ ತೆರಿಗೆ ರೂ. 6,375. ಆದರೆ ಶೇ. 5ರ ದರದಲ್ಲಿ ಒದಗಿಸುವವರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲವಾದ್ದರಿಂದ ಅವರು ಅದನ್ನು ಬೆಲೆಯಲ್ಲೇ ಸೇರಿಸಬಹುದು. ತೆರಿಗೆಯ ದರಕ್ಕಿಂತ ಅಂತಿಮ ಮೊತ್ತವನ್ನು ಹೋಲಿಸಬೇಕು. ದಿನಕ್ಕೆ ರೂ. 7,500ಕ್ಕಿಂತ ಹೆಚ್ಚಿನ ಬಾಡಿಗೆಯ ಕೊಠಡಿಗಳಿರುವ ಹೋಟೆಲುಗಳಲ್ಲಿ ಈ ರಿಯಾಯಿತಿ ಇಲ್ಲ, ಅಲ್ಲಿ ಎಲ್ಲಕ್ಕೂ ಶೇ. 18. ಇನ್ನೊಂದೆಡೆ, ನೋಂದಾಯಿತ ಧಾರ್ಮಿಕ ಅಥವಾ ದತ್ತಿ ಟ್ರಸ್ಟಿಗೆ ಸೇರಿದ, ಸಾರ್ವಜನಿಕರಿಗೆ ತೆರೆದ ದೇವಾಲಯದ ಆವರಣದಲ್ಲಿರುವ ಸಮುದಾಯ ಭವನದ ಬಾಡಿಗೆ ದಿನಕ್ಕೆ ರೂ. 10,000ಕ್ಕಿಂತ ಕಡಿಮೆಯಿದ್ದರೆ ತೆರಿಗೆಯೇ ಇಲ್ಲ. ಬಡಾವಣೆಯ ದೇವಸ್ಥಾನದ ಭವನವನ್ನು ಮೊದಲು ವಿಚಾರಿಸುವುದು ಜಾಣತನ.

ಕಾರ್ಖಾನೆಯ ಶೆಡ್ಡಿನಲ್ಲೇ ಸಮಾರಂಭ ಮಾಡೋಣವೆಂಬ ಸಲಹೆಯೂ ಕೇಳಿಬರುತ್ತದೆ. ಲೇತ್ ಮತ್ತು ಪ್ರೆಸ್ಸುಗಳ ನಡುವೆ 90 ಮಕ್ಕಳನ್ನು ಬಿಡುವ ಯೋಚನೆಯನ್ನು ನಾನು ಒಪ್ಪಲಾರೆ. ಬಾಡಿಗೆ ಉಳಿಸುವ ಸ್ಥಳ ಅದಲ್ಲ.

2025ರ ಸೆಪ್ಟೆಂಬರ್ 22ರ ದರ ಪರಿಷ್ಕರಣೆಯಿಂದ ಮಕ್ಕಳ ಸಮಾರಂಭಕ್ಕೆ ಸಾಕಷ್ಟು ಅನುಕೂಲವಾಗಿದೆ. ಶೇ. 18ರಲ್ಲಿದ್ದ ಕೇಕ್, ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಮ್ ಇವು ಶೇ. 5ಕ್ಕೆ ಇಳಿದಿವೆ. ನೋಟ್‌ಪುಸ್ತಕ, ಪೆನ್ಸಿಲ್, ಬಣ್ಣದ ಕ್ರೇಯಾನ್, ರಬ್ಬರುಗಳಿಗೆ ತೆರಿಗೆಯೇ ಇಲ್ಲ. ಜ್ಯಾಮಿಟ್ರಿ ಪೆಟ್ಟಿಗೆ ಶೇ. 5. ವಿದ್ಯುನ್ಮಾನವಲ್ಲದ ಆಟಿಕೆಗಳೂ ಶೇ. 5. ಆದರೆ ಸೋಡಾ ತುಂಬಿದ ಸಿಹಿ ಪಾನೀಯಗಳ ಮೇಲೆ ಶೇ. 40. ಪಾನಕ ಮಜ್ಜಿಗೆಗಳ ಪರವಾಗಿ ಸರ್ಕಾರವೇ ವಾದಿಸಿದಂತಿದೆ.

ಕೇಕಿನ ವಿಷಯದಲ್ಲಿ ಒಂದು ಮಾತು. ಗೊಂಬೆಯಾಕಾರದ ಅಲಂಕೃತ ಕೇಕನ್ನು ಕಿಲೋ ಲೆಕ್ಕದಲ್ಲಿ 250 ಮಂದಿಗೆ ಸಾಕಾಗುವಷ್ಟು ಮಾಡಿಸುವುದು ದುಂದು. ಕತ್ತರಿಸಲು ಒಂದು ಕಿಲೋ ಅಲಂಕೃತ ಕೇಕ್, ಹಂಚಲು ಬಡಾವಣೆಯ ಅಯ್ಯಂಗಾರ್ ಬೇಕರಿಯ ಸಾದಾ ಕೇಕ್ ಇದ್ದರೆ ಸಾಕು; ತಟ್ಟೆಗೆ ಬಂದ ಮೇಲೆ ವ್ಯತ್ಯಾಸ ಯಾರಿಗೂ ತಿಳಿಯದು.

ಅಲಂಕಾರದಲ್ಲಿ ಕಾನೂನೇ ಕೆಲವು ಖರ್ಚುಗಳನ್ನು ತಪ್ಪಿಸಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರ್, ಸಿಹಿಪೆಟ್ಟಿಗೆ ಮತ್ತು ಆಹ್ವಾನ ಪತ್ರಿಕೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ನಿಷಿದ್ಧ. ಹಸಿರು ತೋರಣ, ಕಾಗದದ ಮಾಲೆ, ಗಾಳಿ ತುಂಬಿದ ಬಲೂನುಗಳಿಂದಲೇ ವೇದಿಕೆ ಶೋಭಿಸುತ್ತದೆ. ತೇಲುವ ಬಲೂನುಗಳೇ ಬೇಕೆಂದರೆ ಹೀಲಿಯಂ ತುಂಬಿದವನ್ನೇ ಕೊಳ್ಳಬೇಕು. ಅಗ್ಗವೆಂದು ಜಲಜನಕ ತುಂಬಿದ ಬಲೂನುಗಳನ್ನು ಮೇಣದಬತ್ತಿಯ ಬಳಿ ತರುವುದು ಅಪಾಯಕ್ಕೆ ಆಹ್ವಾನ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿದೆ. ಮಿಠಾಯಿ ಯಂತ್ರದವನನ್ನು ಕರೆಸುವವರು ಬಿಳಿಯದನ್ನೇ ಮಾಡುವಂತೆ ತಾಕೀತು ಮಾಡಬೇಕು.

ಉಡುಗೊರೆಗಳಿಗೆ ಹಸಿರು ಮಾರ್ಗದ ಮೆಟ್ರೊ ಹಿಡಿದು ನಾಗಸಂದ್ರದಿಂದ ನೇರವಾಗಿ ಚಿಕ್ಕಪೇಟೆಗೆ ಹೋಗಿಬರುವುದು ಸಾರ್ಥಕ; ಅಲ್ಲಿಂದ ಮಾಮೂಲುಪೇಟೆ, ಅವೆನ್ಯೂ ರಸ್ತೆ ನಡೆದು ಹೋಗುವಷ್ಟು ಹತ್ತಿರ. ಆಟಿಕೆ ಕೊಳ್ಳುವಾಗ ಗಮನಿಸಬೇಕಾದದ್ದು ಐ.ಎಸ್.ಐ. ಮುದ್ರೆ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಹಾಗೂ ಭೌಗೋಳಿಕ ಸೂಚಕ ಮಾನ್ಯತೆಯ ಆಟಿಕೆಗಳಿಗೆ ವಿನಾಯಿತಿಯಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ, ಗಿಲಕಿ ಈ ಮಾನ್ಯತೆ ಪಡೆದವು.

ಲೆಕ್ಕಪುಸ್ತಕದಲ್ಲಿ

ಗಿರಾಕಿಗಳೂ ಬಂದಿದ್ದರಲ್ಲ ಎಂಬ ಕಾರಣಕ್ಕೆ ಮಗುವಿನ ಹುಟ್ಟುಹಬ್ಬವನ್ನು ವ್ಯಾಪಾರ ಪ್ರಚಾರದ ಖರ್ಚಿಗೆ ಹಾಕುವ ಪ್ರವೃತ್ತಿ ಕಾಣುತ್ತಿದೆ. ಇದು ಸ್ವಂತ ಖರ್ಚು. ಆದಾಯದಿಂದ ಕಳೆಯಲು ಬರುವುದಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ತ್ವ ಬದಲಾಗಿಲ್ಲ. ಸಂಸ್ಥೆಯ ಹೆಸರಿನಲ್ಲಿ ಬಿಲ್ ಪಡೆದು ಹೂಡುವಳಿ ತೆರಿಗೆ ಜಮೆ ಕೇಳುವುದಂತೂ ಸಲ್ಲದು. ಇದಕ್ಕೆ ಭಿನ್ನವಾಗಿ, ಕೆಲಸಗಾರರ ಎಲ್ಲ ಮಕ್ಕಳಿಗಾಗಿ ಆಯುಧಪೂಜೆಯಂದೋ ಮಕ್ಕಳ ದಿನದಂದೋ ಸಂಸ್ಥೆಯೇ ಏರ್ಪಡಿಸುವ ಕೂಟವು ಸಿಬ್ಬಂದಿ ಕಲ್ಯಾಣದ ಖರ್ಚಾಗುತ್ತದೆ. ಅಲ್ಲಿಯೂ ಊಟ ಹಾಗೂ ಉಚಿತವಾಗಿ ಹಂಚಿದ ಉಡುಗೊರೆಗಳ ಮೇಲಿನ ತೆರಿಗೆ ಜಮೆಗೆ ಅವಕಾಶವಿಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಖರ್ಚೂ ದೊರೆಯದು.

ಕೇಟರಿಂಗ್ ವ್ಯವಹಾರದಲ್ಲಿರುವ ಸದಸ್ಯರು ತಿಳಿದಿರಬೇಕಾದ ಅಂಶವೊಂದಿದೆ: ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ ರೂ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಮುಂಗಡ, ಬಾಕಿ ಎಂದು ಬೇರೆ ಬೇರೆ ದಿನಗಳಲ್ಲಿ ಪಡೆದರೂ ಸಮಾರಂಭ ಒಂದೇ. ದಂಡವು ಪಡೆದ ಮೊತ್ತದಷ್ಟೇ ಆಗಬಹುದು.

ಕಡೆಯದಾಗಿ ಮುಯ್ಯಿಯ ವಿಚಾರ. ಮದುವೆಯಲ್ಲಿ ಬಂದ ಉಡುಗೊರೆಗೆ ತೆರಿಗೆಯಿಲ್ಲ. ಹುಟ್ಟುಹಬ್ಬಕ್ಕೆ ಆ ವಿನಾಯಿತಿ ಇಲ್ಲವೆಂಬುದು ಅನೇಕರಿಗೆ ತಿಳಿಯದು. ಕಾಯ್ದೆ ಹೇಳುವ ಹತ್ತಿರದ ಸಂಬಂಧಿಗಳು ಎಷ್ಟು ಕೊಟ್ಟರೂ ಬಾಧಕವಿಲ್ಲ. ಉಳಿದವರಿಂದ ವರ್ಷದಲ್ಲಿ ಬಂದ ನಗದು ಒಟ್ಟು ರೂ. 50,000 ಮೀರಿದರೆ, ಮೀರಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತ ತೆರಿಗೆಗೆ ಒಳಪಡುತ್ತದೆ. ಮಗು ಅಪ್ರಾಪ್ತ ವಯಸ್ಸಿನದಾದ್ದರಿಂದ ತಂದೆತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಅದು ಸೇರುತ್ತದೆ. ಗಿರಾಕಿಗಳ ಲಕೋಟೆಗಳೇ ಹೆಚ್ಚಾಗಿರುವ ಉದ್ಯಮಿಯ ಮನೆಯಲ್ಲಿ ಈ ಮಿತಿ ಬೇಗ ದಾಟುತ್ತದೆ. ಮುಯ್ಯಿ ಪುಸ್ತಕದಲ್ಲಿ ಕೊಟ್ಟವರ ಹೆಸರು ಮತ್ತು ಮೊತ್ತದ ಜೊತೆಗೆ ಸಂಬಂಧವನ್ನೂ ಬರೆದಿಟ್ಟು, ಹಣವನ್ನು ಬ್ಯಾಂಕಿಗೆ ಕಟ್ಟುವಾಗ ಬಂಧುಗಳದ್ದನ್ನೂ ಇತರರದ್ದನ್ನೂ ಪ್ರತ್ಯೇಕ ಚಲನ್‌ಗಳಲ್ಲಿ ಕಟ್ಟಬೇಕು. ಆ ಪುಸ್ತಕದ ಒಂದು ನಕಲನ್ನು ವರ್ಷದ ಲೆಕ್ಕಪತ್ರಗಳೊಂದಿಗೆ ತಮ್ಮ ಲೆಕ್ಕಪರಿಶೋಧಕರಿಗೆ ಕೊಡತಕ್ಕದ್ದು.