ವಿದೇಶಿ ವಿದ್ಯಾರ್ಥಿಗಳ ಕನ್ನಡ ಸಂಭಾಷಣಾ ಕೂಟ: ನಿರ್ವಹಣೆಯ ಕೆಲವು ನೆಲೆಗಳು

ಕನ್ನಡೇತರರು ಕನ್ನಡ ಕಲಿತ ಚರಿತ್ರೆ ದೀರ್ಘವಾದುದು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ನಿಘಂಟು, 1958ರಲ್ಲಿ ಹೊರಬಂದ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವ್ಯಾಕರಣ, 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಭಾರತೀಯ ಭಾಷಾ ಸಂಸ್ಥಾನದ ಕೆಲಸಗಳು ಈ ಚರಿತ್ರೆಯ ಮುಖ್ಯ ಘಟ್ಟಗಳು. ನಿಘಂಟು, ವ್ಯಾಕರಣ ಹಾಗೂ ಪಠ್ಯಗಳ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ತರಗತಿಯ ಹೊರಗೆ, ಪಠ್ಯವಿಲ್ಲದೆ, ಪರೀಕ್ಷೆಯಿಲ್ಲದೆ ಕಲಿಯುವವರು ಸುಮ್ಮನೆ ಮಾತನಾಡಲು ಸೇರುವ ಸಂಭಾಷಣಾ ಕೂಟದ ನಿರ್ವಹಣೆಯನ್ನು ಕುರಿತು ಆಲೋಚಿಸಬೇಕಾದುದು ಇನ್ನೂ ಇದೆ. ಅಂತಹ ಕೂಟ ನಿರ್ವಾಹಕರ ಮುಂದಿಡುವ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲ ಪ್ರಶ್ನೆ, ಯಾವ ಕನ್ನಡ ಎಂಬುದು. ಪುಸ್ತಕದಿಂದ ಕಲಿತ ವಿದ್ಯಾರ್ಥಿ 'ನಾನು ಮನೆಗೆ ಹೋಗುತ್ತೇನೆ' ಎನ್ನುತ್ತಾನೆ. ಮೈಸೂರಿನ ಬೀದಿಯಲ್ಲಿ ಅವನಿಗೆ ಕೇಳಿಸುವುದು 'ಮನೆಗೆ ಹೋಗ್ತೀನಿ'. ಧಾರವಾಡದ ಕಡೆ 'ಮನಿಗೆ ಹೊಕ್ಕೀನಿ'. ಬರಹದ ರೂಪವೇ ಶುದ್ಧ, ಉಳಿದವು ಅಪಭ್ರಂಶ ಎಂಬ ಧೋರಣೆಯನ್ನು ನಿರ್ವಾಹಕರು ತಳೆದರೆ, ಕಲಿಯುವವನು ತಾನು ಕೇಳಿದ್ದನ್ನೇ ನಂಬದಂತಾಗುತ್ತದೆ. ಎರಡೂ ರೂಪಗಳಿಗೆ ಅವುಗಳದೇ ಸಂದರ್ಭವಿದೆ ಎಂಬ ತಿಳಿವಳಿಕೆಯೇ ಕೂಟದ ಅಡಿಪಾಯವಾಗಬೇಕು.

ಎರಡನೆಯದು ತಿದ್ದುವ ಬಗೆ. ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಗಳಲ್ಲಿ 'ನಾನು ಕನ್ನಡ ಗೊತ್ತು' ಎಂಬಂತಹ ವಾಕ್ಯಗಳು ಸಹಜ. ತಿಳಿವು, ಹಸಿವು, ಇಷ್ಟ ಮುಂತಾದವುಗಳ ಅನುಭವಿಯನ್ನು ಕನ್ನಡ ಚತುರ್ಥಿಯಲ್ಲಿ ನಿಲ್ಲಿಸುತ್ತದೆ: 'ನನಗೆ ಕನ್ನಡ ಗೊತ್ತು', 'ನನಗೆ ಹಸಿವಾಗಿದೆ'. ಇಲ್ಲಿ ಮಾತನ್ನು ತಡೆದು ವಿಭಕ್ತಿಯ ಪಾಠ ಆರಂಭಿಸಿದರೆ ಕೂಟ ತರಗತಿಯಾಗುತ್ತದೆ; ಮುಂದಿನ ವಾಕ್ಯ ಹೊರಡುವುದೇ ಇಲ್ಲ. 'ಓ, ನಿಮಗೆ ಕನ್ನಡ ಗೊತ್ತಾ? ಎಲ್ಲಿ ಕಲಿತಿರಿ?' ಎಂದು ಮರುನುಡಿದರೆ ಸರಿಯಾದ ರೂಪ ಕಿವಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ. ಅರ್ಥವೇ ಕೆಡುವಲ್ಲಿ ಮಾತ್ರ ನೇರ ತಿದ್ದುಪಡಿ ಅಗತ್ಯ. 'ಬೆಲೆ'–'ಬೆಳೆ', 'ಕತೆ'–'ಕತ್ತೆ' ಇಂತಹ ಜೋಡಿಗಳು.

ಕಲಿಯುವವರ ತೊಡಕುಗಳು ಒಂದೇ ಬಗೆಯವಲ್ಲ ಎಂಬುದೂ ಗಮನಾರ್ಹ. ಜಪಾನಿ ಭಾಷಿಕರಿಗೆ ಕ್ರಿಯಾಪದ ಕೊನೆಗೆ ಬರುವ ವಾಕ್ಯಕ್ರಮವಾಗಲಿ, ಹ್ರಸ್ವ-ದೀರ್ಘಗಳ ಭೇದವಾಗಲಿ ಹೊಸತಲ್ಲ. ಅವು ಅವರ ಭಾಷೆಯಲ್ಲಿಯೂ ಇವೆ. ಆದರೆ ಲಕಾರ-ಳಕಾರಗಳ ಭೇದ ಅವರಿಗೆ ಕಷ್ಟ. ಇಂಗ್ಲಿಷ್ ಭಾಷಿಕರಿಗೆ ವಾಕ್ಯಕ್ರಮವೂ ತೊಡಕೇ. ಇವರನ್ನು ಜೊತೆಯಾಗಿ ಕೂರಿಸಿದಾಗ ಒಬ್ಬರ ಬಲ ಇನ್ನೊಬ್ಬರಿಗೆ ನೆರವಾಗುತ್ತದೆ. ಇಂಗ್ಲಿಷ್ ಎಲ್ಲರ ಸಮಾನ ಭಾಷೆಯಾಗಿಲ್ಲದ ಕೂಟದಲ್ಲಿ ಕನ್ನಡವೇ ಸಂಪರ್ಕ ಭಾಷೆಯಾಗುವುದು ಇನ್ನೊಂದು ಲಾಭ.

ಅತ್ಯಂತ ಸೂಕ್ಷ್ಮವಾದುದು ವ್ಯವಹಾರದ ಅರ್ಥ. 'ಊಟ ಆಯ್ತಾ?' ಎಂಬುದು ಬಹುಮಟ್ಟಿಗೆ ಕುಶಲ ಪ್ರಶ್ನೆ. ಆಹ್ವಾನವೆಂದು ತಿಳಿದವನು ಪೇಚಿಗೆ ಸಿಲುಕುತ್ತಾನೆ. ಹೊರಡುವವರು 'ಬರ್ತೀನಿ' ಎನ್ನುವುದು ಕಲಿಯುವವನಿಗೆ ಒಗಟು. ಪಠ್ಯವು 'ನೀವು' ಗೌರವ, 'ನೀನು' ಸಲಿಗೆ ಎಂದು ಹೇಳಿ ಮುಗಿಸುತ್ತದೆ. ಆದರೆ ಅನೇಕ ಮನೆಗಳಲ್ಲಿ ತಾಯಿಗೆ 'ನೀನು', ತಂದೆಗೆ 'ನೀವು' ಎನ್ನುವುದೇಕೆ? ತಾಯಿಯ ಮೇಲೆ ಗೌರವವಿಲ್ಲವೇ? ಈ ಪ್ರಶ್ನೆ ಎದ್ದಾಗ ವ್ಯಾಕರಣದ ಉತ್ತರ ಸಾಲದು. ಕುಟುಂಬ, ಲಿಂಗ, ಅಧಿಕಾರಗಳ ಸಂಬಂಧವನ್ನೇ ಚರ್ಚಿಸಬೇಕಾಗುತ್ತದೆ. ಕನ್ನಡಿಗರು ಎಂದೂ ಕೇಳಿಕೊಳ್ಳದ ಪ್ರಶ್ನೆ ಹೊರಗಿನವರಿಂದ ಬರುವುದು ಹೀಗೆ.

ಬೆಂಗಳೂರಿನಂತಹ ನಗರದಲ್ಲಿ ವಿದೇಶಿಯೊಬ್ಬ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ದೊರೆಯುವುದು ಸಾಮಾನ್ಯ. ಉತ್ತರಿಸುವವರ ಉದ್ದೇಶ ಸೌಜನ್ಯವೇ ಆಗಿದ್ದರೂ, ಆ ಭಾಷೆ ತನಗೆ ಬೇಕಿಲ್ಲವೆಂಬ ಭಾವನೆ ಕಲಿಯುವವನಲ್ಲಿ ಬೆಳೆಯುತ್ತದೆ. ತಡವರಿಸಿದ ಮಾತಿಗೂ ಕನ್ನಡದಲ್ಲೇ ಉತ್ತರ ಸಿಗುವ, ಮೌನಕ್ಕೂ ಸಮಯ ಕೊಡುವ ಸ್ಥಳವಾಗಿ ಕೂಟದ ಮಹತ್ವವಿರುವುದು ಇಲ್ಲಿಯೇ. ಆದ್ದರಿಂದ ನಿರ್ವಾಹಕರಿಗೆ ಪಾಂಡಿತ್ಯದಷ್ಟೇ ತಾಳ್ಮೆಯಿಂದ ಆಲಿಸುವ ಅಭ್ಯಾಸವೂ ಬೇಕು. ಸ್ನಾತಕೋತ್ತರ ಕನ್ನಡ ಅಧ್ಯಯನದಲ್ಲಿ ಇಂತಹ ಅಭ್ಯಾಸಕ್ಕೆ ಅವಕಾಶ ದೊರೆತರೆ, ವಿದೇಶಿ ವಿದ್ಯಾರ್ಥಿಗೆ ಮಾತು ಬರುವುದರೊಡನೆ ಕನ್ನಡ ವಿದ್ಯಾರ್ಥಿಗೆ ತನ್ನ ನುಡಿಯ ರಚನೆ ಹೊಸದಾಗಿ ಕಾಣಿಸೀತು.