ಹೊಗೆ ತಡೆಯುವ ಸಾಮಾನು ಕೀಳಿಸಬೇಕೆ?

ಶೇಂಗಾ, ಈರುಳ್ಳಿ ಪೇಟೆಗೆ ಸಾಗಿಸಲು ನಮ್ಮ ಕಡೆ ಈಗ ಪ್ರತಿ ಊರಲ್ಲೂ ನಾಲ್ಕಾರು ಡೀಸೆಲ್ ಗಾಡಿಗಳಿವೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್. 'ಏರಿನಲ್ಲಿ ಎಳೀತಿಲ್ಲ, ಮೈಲೇಜ್ ಬರ್ತಿಲ್ಲ' ಅಂತ ಗ್ಯಾರೇಜಿಗೆ ಹೋದರೆ ಕೆಲವರ ಹತ್ತಿರ ಒಂದೇ ಔಷಧಿ: 'ಇಜಿಆರ್ ಮುಚ್ಚಿಸಿಬಿಡಿ, ಡಿಪಿಎಫ್ ಕೀಳಿಸಿಬಿಡಿ.' ಅವರಿಗೆ ಅದು ಅರ್ಧ ದಿನದ ಕೆಲಸ. ಆಮೇಲಿನದು ನಮ್ಮ ಪಾಡು.

ಇಜಿಆರ್ ಅಂದರೆ ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡುವ ಕವಾಟ. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಉರಿಯ ಕಾವು ತಗ್ಗುತ್ತದೆ. ಕಾವು ಮಿತಿ ಮೀರಿದರೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದ ಜತೆ ಸೇರಿ ವಿಷಾನಿಲ ಆಗ್ತದೆ. ಬಿಸಿಲಿಗೆ ಅದರಿಂದ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ಇದು ಎದೆಗೂ ಕೆಟ್ಟದ್ದು, ಎಲೆಗೂ ಕೆಟ್ಟದ್ದು. ಗೋಧಿ, ಸೋಯಾಬೀನಿನ ಇಳುವರಿ ತಗ್ಗಿಸುತ್ತದೆ.

ಇಜಿಆರ್‌ನಿಂದ ಒಳಹೋಗುವ ದಾರಿಯಲ್ಲಿ ಮಸಿ ಕಟ್ಟುವುದು ನಿಜ. ಅದಕ್ಕೆ ಬಿಚ್ಚಿ ತೊಳೆಸಬೇಕು. ತಗಡು ಹಾಕಿ ಮುಚ್ಚಿದರೆ ಹಳೇ ಕಾಲದ ಇಂಜಿನ್ ಸುಮ್ಮನಿರುತ್ತಿತ್ತು. ಈಗಿನವುಗಳಲ್ಲಿ ಕಂಪ್ಯೂಟರ್ ಗಾಳಿಯ ಲೆಕ್ಕ ಇಡ್ತದೆ. ಲೆಕ್ಕ ತಪ್ಪಿದರೆ ದೀಪ ಹತ್ತಿಸಿ ಇಂಜಿನ್ನಿನ ಶಕ್ತಿಯನ್ನೇ ಕಡಿತ ಮಾಡಬಹುದು. ಆಗ ಕಂಪ್ಯೂಟರಿಗೇ ಸುಳ್ಳು ಹೇಳಿಸುವ ಇನ್ನೊಂದು ಖರ್ಚು. ಎಳೆತ ಜಾಸ್ತಿಯಾಗಲಿ ಅಂತ ಅದರ ಜತೆಗೇ ಡೀಸೆಲ್ಲೂ ಹೆಚ್ಚಿಗೆ ಬಿಡಿಸಿದರೆ ಟರ್ಬೊ, ಪಿಸ್ಟನ್‌ಗಳಿಗೆ ಕಾವು ತಟ್ಟುತ್ತದೆ.

ಡಿಪಿಎಫ್ ಮಸಿ ಹಿಡಿಯುವ ಜರಡಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಗಾಡಿಗಳಿಗೆ ಇದು ಬಂತು. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಊರಿಂದ ಹೊಲಕ್ಕೆ ಎರಡು ಮೈಲಿ ಓಡಿಸಿ ನಿಲ್ಲಿಸುತ್ತಿದ್ದರೆ ಆ ಕಾವು ಬರೋದಿಲ್ಲ, ಜರಡಿ ಕಟ್ಟುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಜರಡಿಯಲ್ಲ, ನಾವು ಓಡಿಸುವ ರೀತಿ. ದೀಪ ಬಂದಾಗ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಬೇಕು. ಅರ್ಧಕ್ಕೇ ನಿಲ್ಲಿಸುತ್ತಾ ಹೋದರೆ ಡೀಸೆಲ್ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದ್ದರೆ ಅದೇ ಗುರುತು. ಇನ್ನೊಂದು ಮಾತು: ಸುಡುವ ಹೊತ್ತಿನಲ್ಲಿ ಗಾಡಿಯನ್ನು ಕಣದ ಹೊಟ್ಟು, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಬಣವೆಗೇ ಬೆಂಕಿ ಬಿದ್ದೀತು.

ಕೆಲವು ಗಾಡಿಗಳಿಗೆ ಯೂರಿಯಾ ದ್ರಾವಣದ ಬೇರೆ ಟ್ಯಾಂಕ್ ಇದೆ. ಅದರಲ್ಲಿ 32.5 ಪರ್ಸೆಂಟ್ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. 'ಮನೇಲಿ ಚೀಲ ಇದೆಯಲ್ಲ, ಕಲಸಿ ಹಾಕೋಣ' ಅನ್ನಿಸೋದು ಸಹಜ. ಹಾಕಬೇಡಿ. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತದೆ, ನಮ್ಮ ಬೋರಿನ ನೀರಿನಲ್ಲಿ ಸುಣ್ಣ ಇರುತ್ತದೆ. ಚಿಮ್ಮುವ ನಳಿಗೆ ಕಟ್ಟಿ, ಅದರ ಮುಂದಿನ ದುಬಾರಿ ಸಾಮಾನೂ ಹಾಳಾಗ್ತದೆ.

'ಹೊಗೆ ತಪಾಸಣೆಯಲ್ಲಿ ಪಾಸಾಯ್ತಲ್ಲ' ಅನ್ನುವವರಿದ್ದಾರೆ. ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆಯ ದಟ್ಟಣೆ. ಇಜಿಆರ್ ಮುಚ್ಚಿದ್ದರಿಂದ ಏರುವ ಅನಿಲ ಅಳತೆಗೆ ಸಿಗೋದೇ ಇಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆ ಮೊದಲು ಕುಡಿಯುವವರು ಗಾಡಿ ಹಿಂದೆ ನಿಂತು ಮೂಟೆ ಏರಿಸುವ ನಮ್ಮವರೇ.

ಕಾನೂನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದೆ ಗಾಡಿ ಮಾರ್ಪಡಿಸಿದರೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಗ್ಯಾರಂಟಿ ಅವಧಿ ಇದ್ದರೆ ಅದೂ ಕೈ ತಪ್ಪಬಹುದು.

ಹಳೇ ಗಾಡಿ ಕೊಳ್ಳುವವರು ಕೀಲಿ ತಿರುಗಿಸಿ ಇಂಜಿನ್ ದೀಪ ನೋಡಿ. ಅದು ಹತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಯಾರೋ ಕೈಯಾಡಿಸಿರಬಹುದು. ಕೆಳಗೆ ಬಗ್ಗಿ, ಡಿಪಿಎಫ್ ಡಬ್ಬದ ಮೇಲೆ ಕೊಯ್ದು ವೆಲ್ಡಿಂಗ್ ಮಾಡಿದ ಗುರುತು ಇದೆಯೇ ನೋಡಿ. ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿ: ಬಿಎಸ್-6 ಗಾಡಿಯಲ್ಲಿ ಬೆರಳಿಗೆ ದಪ್ಪ ಮಸಿ ಅಂಟಿದರೆ ಒಳಗೆ ಜರಡಿ ಇಲ್ಲ, ಇಲ್ಲವೇ ಒಡೆದಿದೆ.